ಮೂರು ಪರಮಾಣು ದಪ್ಪದ ಹಾಳೆ

ಶೈಲಶ್ರೀಯ ಬೆರಳುಗಳಿಗೆ ಅಪರೂಪದ ತಾಳ್ಮೆ ಇತ್ತು. ನಾಗಲಗಿದ್ದದ ಕಡೆಯಿಂದ ಕೊಹೀರಿಗೆ ಸೊಸೆಯಾಗಿ ಬಂದವಳು, ಓದಿದ ಬಿ.ಎಸ್ಸಿ.ಯನ್ನು ಟ್ರಂಕಿನಲ್ಲಿಡದೆ ಜಹೀರಾಬಾದಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು. ನಾಲ್ಕು ವರ್ಷದಿಂದ ಆಕೆಯದು ಒಂದೇ ಕೆಲಸ. ಕಪ್ಪಗೆ ಮಿನುಗುವ ಖನಿಜದ ಚೂರನ್ನು ಅಂಟುಪಟ್ಟಿಗೆ ಒತ್ತಿ, ಬಿಡಿಸಿ, ಮತ್ತೆ ಒತ್ತಿ, ಕೊನೆಗೆ ಮೂರೇ ಪರಮಾಣು ದಪ್ಪದ ಹಾಳೆಯನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಇಳಿಸುವುದು. ಅಷ್ಟು ತೆಳುವಾದಾಗ ಅದು ಲೇಸರಿನಡಿ ಕೆಂಪಗೆ ಹೊಳೆಯುತ್ತದೆ. ವಿಷಾನಿಲದ ಒಂದಿಷ್ಟು ಕಣ ಮೇಲೆ ಕೂತರೂ ಅದರಲ್ಲಿ ಹರಿಯುವ ಕರೆಂಟು ಏರುಪೇರಾಗುತ್ತದೆ. ಮುಂದೊಂದು ದಿನ ಅಂಗಿಯ ಗುಂಡಿಯಷ್ಟು ಯಂತ್ರವೊಂದು ಕೆಟ್ಟ ಗಾಳಿಯನ್ನು ಮೂಗಿಗಿಂತ ಮೊದಲೇ ಹಿಡಿಯಬೇಕು ಎಂಬುದು ಪ್ರೊಫೆಸರ್ ಸಂಜೀವಕುಮಾರರ ಆಸೆ.

ಕಾಲೇಜಿನ ಹಿಂದೆಯೇ ಮೋನಮ್ಮನ ಶಿಶುವಿಹಾರ. ಶೈಲಶ್ರೀಯ ಎರಡು ವರ್ಷದ ಮಗಳು ಪ್ರಣೀತಾ ಅಲ್ಲಿರುತ್ತಿದ್ದಳು. ಅದರ ಗೋಡೆಯಾಚೆ, ಆಸಿಡ್ ಬಳಸುವ ಒಂದು ಕಾರ್ಖಾನೆ.

ಶ್ರಾವಣದಲ್ಲಿ ಒಂದು ಎಡವಟ್ಟಾಗಿತ್ತು. ಲಿಂಗಪೂಜೆ ಮುಗಿಸಿ ಹಣೆಗೂ ತೋಳಿಗೂ ವಿಭೂತಿ ಬಳಿದುಕೊಂಡು ಹಾಗೇ ಕೆಲಸಕ್ಕೆ ಕೂತಿದ್ದಳು. ಬೂದಿ ಉದುರಿ, ಹಾಳೆ ಇಳಿಸಿದ ಹನ್ನೆರಡು ಬಿಲ್ಲೆ, ಅಂದರೆ ಚಿಪ್ಪು, ಕೆಟ್ಟವು.

"ನನ್ನ ಚಿಪ್ಪಿಗೂ ದೀಕ್ಷಾ ಕೊಟ್ಟೀರೇನ್ರಿ ಶೈಲಶ್ರೀ? ಇನ್ನ ಅವಕ್ಕೊಂದು ಲಿಂಗಾ ಕಟ್ಟೋದಷ್ಟೇ ಉಳದದ!" ಎಂದಿದ್ದರು ಸಂಜೀವಕುಮಾರ. ಎಲ್ಲರೂ ನಕ್ಕಿದ್ದರು. ಅಂದಿನಿಂದ ಏನು ಕೆಟ್ಟರೂ ಆಕೆಗೆ ಮೊದಲು ಅನುಮಾನ ಬರುತ್ತಿದ್ದದ್ದು ತನ್ನ ಹಣೆಯ ಮೇಲೆಯೇ.

ಈ ವಾರ, ಸೋಮವಾರ ಮಧ್ಯಾಹ್ನ, ಶಿಶುವಿಹಾರದ ಕಡೆಯ ಕಿಟಕಿಯ ಬಳಿಯಿದ್ದ ಚಿಪ್ಪಿನ ಕರೆಂಟು ದಿಢೀರನೆ ಇಳಿಯಿತು. ಆಕೆ ಹಣೆ ಒರೆಸಿಕೊಂಡು ದಾಖಲೆಯಲ್ಲಿ 'ಧೂಳು' ಎಂದು ಬರೆದಳು. ಮಂಗಳವಾರವೂ ಇಳಿಯಿತು. ಮೊಣಕೈವರೆಗೆ ತಿಕ್ಕಿ ತೊಳೆದು, ಮತ್ತೆ 'ಧೂಳು' ಎಂದಳು. ಬುಧವಾರವೂ ಅದೇ. ಆ ರಾತ್ರಿ ಮಗು ಕೆಮ್ಮಿತು. ಹವಾಮಾನ ಬದಲಾಯಿತೆಂದು ಎದೆಗೆ ಎಣ್ಣೆ ಹಚ್ಚಿ ಮಲಗಿಸಿದಳು.

ಗುರುವಾರ ಮಗುವಿನ ರಂಪದಲ್ಲಿ ಬಸ್ಸಿಗೆ ತಡವಾಗಿ, ವಿಭೂತಿ ಧರಿಸದೆಯೇ ಓಡಿ ಬಂದಿದ್ದಳು. ಮಧ್ಯಾಹ್ನ ಕರೆಂಟು ಮತ್ತೆ ಇಳಿಯಿತು.

ಚಿಪ್ಪನ್ನು ಲೇಸರಿನಡಿ ಇಟ್ಟಳು. ಧೂಳು ಕೂತಿದ್ದರೆ ಹೊಳಪು ಮಂಕಾಗಬೇಕಿತ್ತು. ಹಾಳೆ ಹಿಂದೆಂದೂ ಇಲ್ಲದಷ್ಟು ಕೆಂಪಗೆ, ಚೆಂದವಾಗಿ ಉರಿಯುತ್ತಿತ್ತು. ಎಲೆಕ್ಟ್ರಾನು ಕಸಿಯುವ ಅನಿಲ ಮೇಲೆ ಕೂತರೆ ಕರೆಂಟು ಇಳಿಯುತ್ತದೆ, ಹೊಳಪು ಏರುತ್ತದೆ; ಆಸಿಡ್ಡಿನಿಂದ ಏಳುವ ಹೊಗೆ ಅಂಥದ್ದೇ. ಇದನ್ನು ಹೊಸ ಹುಡುಗರಿಗೆ ಕಲಿಸುತ್ತಿದ್ದವಳೇ ಆಕೆ.

"ಸರ್, ಇದು ನನ್ನ ಹಣಿ ಇಬತ್ತಿ ಅಲ್ರಿ. ಗ್ವಾಡಿ ಆಚಿಂದ ಬರಾಕತ್ತದ."

ಸಂಜೀವಕುಮಾರ ದಾಖಲೆ ತಿರುವಿದರು. "ಮೂರು ದಿನಾ ಧೂಳು ಅಂತ ನೀವೇ ಬರದೀರಲ್ರಿ. ಈಗ ನಾ ಆ ಕಾರ್ಖಾನಿಯವರಿಗಿ ಏನಂತ ಹೇಳ್ಲಿ?"

ಆಕೆ ಆಗಲೇ ಫೋನು ಕಿವಿಗಿಟ್ಟಿದ್ದಳು.

"ಏನವ್ವಾ ಶೈಲೂ, ದಿನಾ ದಿನಾ ಫಿಕರ್ ನಿಂದು!" ಮೋನಮ್ಮ ನಕ್ಕಳು. "ಆರಾಮ ಅವ ಕೂಸುಗಳು. ಜರಾ ಕೆಮ್ಮತಾವ ಅಷ್ಟೇ. ಸೋಮಾರದಿಂದ ಹಿಂಗೇ ನೋಡು, ಎಲ್ಲಾವೂ ಕೂಡಿ. ಒಳಗ ಧಗಿ ಆಗ್ಯಾದಂತ ಹಿಂದಿನ ಕಿಡಕಿ ಎಲ್ಲಾ ತೆರದು ಮಲಗಿಸೀನಿ. ಚಂದ ಗಾಳಿ ಬರಾಕತ್ತದ."

"ಕಿಡಕಿ ಮುಚ್ಚು ಮೋನಮ್ಮಾ! ಕೂಸುಗಳನ್ನ ಎತಗೊಂಡು ರೋಡಿನ ಕಡಿ ಬಾ, ಈಗಿಂದೀಗ!"

"ಎಬ್ಬಸಿದ್ರ ಅಳತಾವಲ್ಲವ್ವಾ..."

ಆ ಮಾತಿನ ಹಿಂದೆ ಒಂದು ಕೆಮ್ಮು ಕೇಳಿಸಿತು. ಹತ್ತು ಮಕ್ಕಳ ನಡುವೆಯೂ ಅದು ಯಾರದೆಂದು ಆಕೆಗೆ ಗೊತ್ತಿತ್ತು. ಚಪ್ಪಲಿ ಮೆಟ್ಟದೆ ಶೈಲಶ್ರೀ ಮೆಟ್ಟಿಲಿಳಿದು ಓಡಿದಳು.