ನಮೂನೆಯಲ್ಲಿಲ್ಲದ ಪ್ರಶ್ನೆ

ಬರುವ ಸುದ್ದಿಯಲ್ಲಿ ಖರೆ ಯಾವುದು, ಸುಳ್ಳು ಯಾವುದು ಎಂದು ಜನ ಎಷ್ಟರಮಟ್ಟಿಗೆ ಗುರುತಿಸುತ್ತಾರೆ ಎಂಬುದನ್ನು ಅಳೆಯಲು ದೇಶದ ತುಂಬ ಒಂದು ಸಮೀಕ್ಷೆ ನಡೆದಿತ್ತು. ಲಿಂಗಸುಗೂರಿನ ಶಾಲೆಯಲ್ಲಿ ಕಲಿಸುತ್ತಿದ್ದ ನಾನು ದಸರಾ ರಜೆಯಲ್ಲಿ ಆ ಕೆಲಸಕ್ಕೆ ಸೇರಿಕೊಂಡೆ. ಸಿಂಧನೂರಿನ ತರಬೇತಿಯಲ್ಲಿ ಮೊದಲು ನಮ್ಮನ್ನೇ ಪರೀಕ್ಷೆ ಮಾಡಿದರು. ನನ್ನವು ಹತ್ತರಲ್ಲಿ ಒಂಬತ್ತು ಸರಿ ಇದ್ದವು.

ಮಧ್ಯಾಹ್ನ ಅದೇ ಖುಷಿಯಲ್ಲಿ ಬಸ್ಸಿನಲ್ಲಿ ಮರಳುವಾಗ ಮೊಬೈಲಿಗೆ ಒಂದು ವಿಡಿಯೊ ಬಂತು. ನಮ್ಮ ಭಾಗದ ನೀರಾವರಿ ಕಾಲುವೆ ಒಡೆದು ನೀರು ಹೊಲಕ್ಕೆ ನುಗ್ಗುತ್ತಿದೆಯಂತೆ. ನನ್ನ ತಂಗಿಯ ಮನೆ ಕಾಲುವೆ ಪಕ್ಕದ ಹಳ್ಳಿಯಲ್ಲಿತ್ತು. ಹಿಂದೆಮುಂದೆ ನೋಡದೆ ಅವಳಿಗೆ ಕಳಿಸಿಬಿಟ್ಟೆ.

ತಂಗಿಯ ಮನೆಯವರು ಅಕ್ಕಿ ಚೀಲ, ಹಾಸಿಗೆ ಎಲ್ಲ ಮಾಳಿಗೆಗೆ ಏರಿಸಿದರು. ನಡೆಯಲಾಗದ ಅವಳ ಅತ್ತೆಯನ್ನು ಇಬ್ಬರು ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಸಂಜೆಯಾದರೂ ನೀರು ಬರಲಿಲ್ಲ. ವಿಡಿಯೊ ಮತ್ತೆ ನೋಡಿದೆ. ಅದರಲ್ಲಿ ಕಾಣುವ ಬೋರ್ಡಿನ ಅಕ್ಷರ ಕನ್ನಡವೇ ಅಲ್ಲ.

ತಪ್ಪಾಯಿತೆಂದು ಫೋನ್ ಮಾಡಿದರೆ ತಂಗಿ, “ಬ್ಯಾರೆ ಯಾರರ ಕಳಿಸಿದ್ರ ನಂಬ್ತಿದ್ದಿಲ್ಲಕ್ಕ. ನೀ ಕಳಿಸೀದಿ ಅಂತ ನಂಬಿದ್ವಿ,” ಅಂದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಎರಡು ದಿನ ಬಿಟ್ಟು ತುರ್ವಿಹಾಳದಲ್ಲಿ ಮನೆಮನೆ ತಿರುಗತೊಡಗಿದೆ. ಭತ್ತದ ಗದ್ದೆಯಲ್ಲಿ ಕಳೆ ತೆಗೆದು ಆಗಷ್ಟೇ ಬಂದಿದ್ದ ಹೆಣ್ಣುಮಗಳೊಬ್ಬಳ ಮುಂದೆ ಕೂತು ಮೊದಲ ಪ್ರಶ್ನೆ ಓದಿದೆ: ‘ಈ ಸಂದೇಶವನ್ನು ಹತ್ತು ಜನರಿಗೆ ಕಳಿಸದಿದ್ದರೆ ರೇಷನ್ ಕಾರ್ಡ್ ರದ್ದಾಗುತ್ತದೆ.’ ಖರೆಯೋ, ಸುಳ್ಳೋ?

“ಯಾರು ಹೇಳ್ಯಾರ ಇದನ್ನ?”

“ಹೆಸರು ಬರ್ದಿಲ್ಲಬೇ.”

“ಹೆಸರಿಲ್ಲಂದ್ರ ನಾ ಏನ್ ಹೇಳ್ಲಿರಿ ಅಕ್ಕಾರ? ರೇಷನ್ ಅಂಗಡ್ಯಾಗ ಕೇಳಿ ನಾಳೆ ಹೇಳ್ತೀನಿ.”

ಮೊಬೈಲಿನ ನಮೂನೆಯಲ್ಲಿದ್ದದ್ದು ಮೂರೇ ಖಾನೆ: ಖರೆ, ಸುಳ್ಳು, ಗೊತ್ತಿಲ್ಲ. ‘ಗೊತ್ತಿಲ್ಲ’ ಒತ್ತಿದೆ. ಉಳಿದ ಪ್ರಶ್ನೆಗಳಿಗೂ ಅವಳದು ಅದೇ ಉತ್ತರ. ಕೊನೆಗೆ ಅವಳ ಅಂಕ ಸೊನ್ನೆ ಎಂದು ಪರದೆಯ ಮೇಲೆ ಬಂತು.

ಮರುದಿನ ಪಕ್ಕದ ಓಣಿಯಲ್ಲಿದ್ದಾಗ ಅವಳೇ ಹುಡುಕಿಕೊಂಡು ಬಂದಳು. “ಕೇಳ್ಕೊಂಡು ಬಂದೀನ್ರಿ. ಅದು ಸುಳ್ಳಂತ. ಬರ್ಕೋರಿ.”

ಸಮೀಕ್ಷೆಯ ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಒಮ್ಮೆ ಕಳಿಸಿದ ನಮೂನೆ ಮತ್ತೆ ತೆರೆಯುವುದಿಲ್ಲ ಎಂದರು. ಅವಳಿಗೆ ಅದನ್ನು ಹೇಳದೆ, ಚೀಲದಿಂದ ನನ್ನ ನೋಟ್‌ಬುಕ್ ತೆಗೆದು, ಅವಳೆದುರೇ ಬರೆದುಕೊಂಡೆ.

ಅಂದಿನಿಂದ ಪ್ರತಿ ಮನೆಯಲ್ಲೂ ನಮೂನೆ ಮುಗಿದ ಮೇಲೆ ನನ್ನದೊಂದು ಪ್ರಶ್ನೆ ಸೇರಿಸಿದೆ: “ಖರೇನೋ ಸುಳ್ಳೋ ತಿಳೀಲಿಲ್ಲಂದ್ರ ಯಾರನ್ನ ಕೇಳ್ತೀರಿ?” ಅಲ್ಲಿಯವರೆಗೆ ಪರೀಕ್ಷೆಗೆ ಕೂತವರಂತೆ ಬಿಗಿದುಕೊಂಡಿದ್ದವರು ಆಗ ಮಾತಾಡುತ್ತಿದ್ದರು. ಮಸ್ಕಿಯ ಕಿರಾಣಿ ಅಂಗಡಿಯವರು, “ಯಾರನ್ನೂ ಕೇಳಂಗಿಲ್ರಿ, ಬಂದದ್ದ ಮುಂದ ಕಳಿಸ್ತೀನಿ,” ಎಂದು ನಕ್ಕರು. ಅವರಿಗೆ ಹತ್ತಕ್ಕೆ ಎಂಟು ಅಂಕ ಬಂದಿದ್ದವು. ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಮುದುಕರೊಬ್ಬರು ಬಂಗಾಳಿ ಬೆರೆತ ಕನ್ನಡದಲ್ಲಿ, ತಾವು ಎರಡು ದಿನ ಸುಮ್ಮನೆ ಕಾಯುವುದಾಗಿ ಹೇಳಿದರು. ಎಲ್ಲವನ್ನೂ ಬರೆದು, ಆ ನೋಟ್‌ಬುಕ್ಕನ್ನು ಕೊನೆಯ ದಿನ ಮೇಲ್ವಿಚಾರಕರ ಕೈಗಿತ್ತೆ. ಅವರು ನಿಂತಲ್ಲೇ ನಾಲ್ಕು ಪುಟ ಓದಿ, “ನಮೂನ್ಯಾಗ ಇದನ್ನ ಎಲ್ಲಿ ಹಚ್ಚೋದ್ರಿ ಮೇಡಂ?” ಎಂದು ನನ್ನನ್ನೇ ಕೇಳಿದರು.