ರೇಖಕ್ಕನ ಎದೆಬಡಿತ, ನನ್ನ ಕಿರುಚಾಟ

ಹಾಡು ಅರ್ಧಕ್ಕೆ ಬಂದಾಗ ನಾನು "ಆಂಬುಲೆನ್ಸ್!" ಎಂದು ಇಡೀ ವಿಜಯನಗರಕ್ಕೆ ಕೇಳುವಂತೆ ಕಿರುಚಿಬಿಟ್ಟೆ.

ಪಕ್ಕದ ಮನೆಯ ರೇಖಕ್ಕ ಖಾಲಿ ಛತ್ರದಲ್ಲಿ ವೀಲ್‌ಚೇರ್ ಮೇಲೆ ಕುಣಿಯುತ್ತಿದ್ದರು. ನೃತ್ಯ ಸ್ಪರ್ಧೆಯ ಆಯ್ಕೆಗೆ ಅಂದೇ ಕಳಿಸಬೇಕಾದ ವಿಡಿಯೊ, ತೆಗೆಯುತ್ತಿದ್ದವನು ನಾನು. ಕಿಟಕಿಯ ಬಿಸಿಲಲ್ಲಿ ಚಕ್ರಗಳು ನೀರಿನ ಮೇಲಿದ್ದಂತೆ ತೇಲುತ್ತಿದ್ದವು. ಅವರ ಕೈ ಬೀಸಿದತ್ತ ನನ್ನ ತಲೆಯೂ ತೂಗುತ್ತಿತ್ತು. ಆಗಲೇ ಅವರ ಕೈಯ ವಾಚ್ ಅಳೆದ ಎದೆಬಡಿತ ತೋರಿಸುವ ಫೋನಿನಲ್ಲಿ ನೂರ ಎಪ್ಪತ್ತೆಂಟು ಕಂಡಿತು. ನನ್ನೆದೆ ಅಷ್ಟು ಬಡಿದುಕೊಂಡದ್ದು ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಮಾತ್ರ!

ವಿಡಿಯೊ ಹಾಳಾಯಿತು. ಅಕ್ಕ ಬೆವರು ಒರೆಸಿಕೊಂಡು ಮತ್ತೆ ಹಾಡು ಹಾಕು ಎಂದರು.

"ಸುಸ್ತಾಗಿದೀರಾ ಅಕ್ಕ, ಸ್ವಲ್ಪ ರೆಸ್ಟ್ ತಗೊಳ್ಳಿ."

"ಲೋ ಕೋತಿ, ಚಿಕ್ಕೋಳಿದ್ದಾಗಿಂದ ಎಲ್ರೂ ನಂಗೆ ಸುಸ್ತು ಮಾಡ್ಕೋಬೇಡ ಅಂತಾನೇ ಹೇಳಿರೋದು. ಸುಸ್ತಾಗೋಕೇ ಕಣೋ ನಾನಿಲ್ಲಿಗೆ ಬರೋದು."