ನಮ್ಮತ್ತೆಯ ಬೀಗರ ಪದ

ನಾನಾದರೂ ಒಂದಷ್ಟು ಅಕ್ಷರ ಕೂಡಿಸಿ ಬರೆಯುತ್ತೇನೆ. ನಮ್ಮತ್ತೆಗೆ ಅದೂ ಬರುತ್ತಿರಲಿಲ್ಲ. ಆದರೆ ಪದ ಕಟ್ಟುವುದರಲ್ಲಿ ಕೋಡಿಹಳ್ಳಿ ಸುತ್ತಿನಲ್ಲಿ ಅವಳ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಮದುವೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕುಳಿತರೆ, ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಆಡಿಕೊಂಡು ಬೀಗರ ಪದ ಹೇಳಬೇಕು. ಆ ಕಡೆಯವರು ಎದುರು ಪದ ಹೇಳಬೇಕು. ನಮ್ಮತ್ತೆ ಕಂಬಕ್ಕೊರಗಿ, ಎಲೆಯ ಸಾಲಿನ ಮೇಲೆ ಕಣ್ಣು ಹಾಯಿಸಿ, ಅಲ್ಲಿಯೇ ಕಟ್ಟುವಳು. ಮೀಸೆಗೆ ತುಪ್ಪ ಅಂಟಿದ್ದರೂ ಬಿಡುತ್ತಿರಲಿಲ್ಲ. ಒಂದೇ ಕಟ್ಟಳೆ: ದೇವರು ಕೊಟ್ಟ ಊನವನ್ನು ಆಡಿಕೊಳ್ಳಬಾರದು.

ಕಣ್ಣು ಮಂಜಾಗಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಅಕ್ಕಿಯಲ್ಲಿ ಕಲ್ಲು ಉಳಿದರೆ ಅಕ್ಕಿಯನ್ನೇ ಬಯ್ಯುತ್ತಿದ್ದಳು.

ಪಕ್ಕದ ಮನೆಯ ಹುಡುಗಿಯ ಮದುವೆಗೆ ಮಾಗಡಿ ಕಡೆಯಿಂದ ದಿಬ್ಬಣ ಬಂತು. ಗಂಡಿನ ದೊಡ್ಡಪ್ಪ ಶಾಲು ಹೊದ್ದು ಊಟಕ್ಕೆ ಕುಳಿತಿದ್ದ. ನಮ್ಮತ್ತೆ ದನಿ ಎತ್ತಿದಳು: ಬೀಗನ ಎಡಗೈ ಎಲ್ಲಿ ಹೋಯ್ತು, ಶಾಲಿನೊಳಗೆ ಎಷ್ಟು ಒಬ್ಬಟ್ಟು ಬಚ್ಚಿಟ್ಟಿತು.

ಯಾರೂ ನಗಲಿಲ್ಲ. ಶಾಲು ಆ ಕಡೆ ಜೋತುಬಿದ್ದಿತ್ತು. ಒಳಗೆ ತೋಳೇ ಇಲ್ಲವೆಂದು ನಮಗೆಲ್ಲ ಕಾಣುತ್ತಿತ್ತು.

"ಗಾಣಕ್ಕೆ ಸಿಕ್ಕಿ ಕೈ ಕಳ್ಕೊಂಡೋನ್ನ ಆಡ್ಕೊತೀಯಾ? ಎಲೆ ಬುಟ್ಟು ಏಳ್ರಲಾ," ಎಂದು ಗಂಡಿನ ತಂದೆ ಎದ್ದ. ಸಾಲೆಲ್ಲ ಎದ್ದಿತು.

"ಏನಮ್ಮಿ ಆಯ್ತು?" ಎಂದು ನಮ್ಮತ್ತೆ ನನ್ನನ್ನು ಕೇಳಿದಳು. ಹೇಳಿದೆ. ಅವಳು ಕಂಬ ಹಿಡಿದು ಎದ್ದು, ಅಂದಾಜಿನ ಮೇಲೆ ಆ ದೊಡ್ಡಪ್ಪನ ಕಡೆಗೆ ಕೈ ಮುಗಿದಳು.

"ನಂಗೆ ಕಣ್ ಕಾಣಾಕಿಲ್ಲ ಕಣಪ್ಪ. ವರ್ಸ ಆಯ್ತು. ಮುಚ್ಚಿಟ್ಕೊಂಡಿದ್ದೆ."

"ನೀನು ಕಣ್ ಮುಚ್ಚಿಟ್ಟೆ, ನಾನು ಕೈ ಮುಚ್ಚಿಟ್ಟೆ," ಎಂದ ಅವನು. "ಕುಂತ್ಕೊಳ್ರಪ್ಪ, ಒಬ್ಬಟ್ ಆರ್ತದೆ."

ಮದುವೆ ಉಳಿಯಿತು. ಗಾಡಿ ಕಟ್ಟಿ ಅತ್ತೆಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಹೊತ್ತು ಮೀರಿದೆ ಎಂದರು. ನಮ್ಮತ್ತೆ ಮತ್ತೆ ಯಾರ ಚಪ್ಪರಕ್ಕೂ ಹೋಗಲಿಲ್ಲ.

"ಪಕ್ಕದಲ್ಲಿ ಕುಂತು ಯಾರು ಎಂಗವ್ರೆ ಅಂತ ನಾನು ಯೋಳ್ತೀನಿ, ಬಾ ಅತ್ತೆ," ಎಂದೆ.

"ನೀನ್ ಕಂಡಿದ್ದನ್ನ ನಾನ್ಯಾಕೆ ಆಡ್ಲಿ? ನೀನೇ ಕಟ್ಟು."

ನನಗೆ ಕಟ್ಟಲು ಬರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಇಬ್ಬರೂ ಎದುರುಬದುರು ಕುಳಿತು ರಾಗಿ ಬೀಸುತ್ತಿದ್ದೆವು. ಬೀಸುಕಲ್ಲಿನ ಗೂಟ ಹಿಡಿಯಲು ಕಣ್ಣು ಬೇಡ. ಅಷ್ಟು ದಿನ ಪದವೆಂದು ಬಾಯಿ ಬಿಡದವಳು ಮೆಲ್ಲಗೆ ಹೇಳಿದಳು:

ಬೀಗರಂಗೆ ಬಂದು ಹಾಲುತುಪ್ಪ ಉಂಡೀರಿ
ಹೋಗೋವಾಗ ಒಂದು ಮಾತಿಲ್ಲ, ಕಣ್ಣುಗಳಿರ
ಹೋಗ್ಬತ್ತೀವಂತ ಅನಲಿಲ್ಲ

ಬೀಗರ ಪದಕ್ಕೆ ಎದುರು ಪದ ಬರಬೇಕು. ಅವಳು ಕಲ್ಲು ನಿಲ್ಲಿಸಿ ಕಿವಿಗೊಟ್ಟಳು. ನಾನು ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿದೆ. ಬೀಸಿದೆವು.